ವಿಮಾನದ ಹೊಟ್ಟೆಯಲ್ಲಿ ನಮ್ಮ ಮಾಲಿಗೂ ಜಾಗ ಬೇಕು

ಊರಿಗೊಂದು ವಿಮಾನ ನಿಲ್ದಾಣ ಬೇಕೆಂಬ ಕೂಗು ನಮ್ಮ ರಾಜ್ಯದಲ್ಲಿ ಹಲವು ವರ್ಷಗಳಿಂದ ಕೇಳಿಬರುತ್ತಿದೆ. ನಿಲ್ದಾಣವಾದ ಊರಿನಲ್ಲಿ ಮರುದಿನವೇ ಇನ್ನೊಂದು ಕೂಗು ಏಳುತ್ತದೆ. ಇಲ್ಲಿಂದ ದುಬೈಗೆ, ಲಂಡನ್ನಿಗೆ, ಅಮೆರಿಕಕ್ಕೆ ನೇರ ವಿಮಾನ ಬೇಕು ಎಂದು. ಬೆಳೆಗಾರರ ಸಭೆಗಳಲ್ಲಿಯೂ ಈ ಮಾತು ಬರುತ್ತದೆ, ಚಪ್ಪಾಳೆಯ ನಡುವೆ ನಿರ್ಣಯವೂ ಆಗುತ್ತದೆ. ಈ ವಿಚಾರದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಹೊಸ ನಿಲ್ದಾಣವನ್ನಾಗಲಿ ಹೊಸ ಹಾದಿಯನ್ನಾಗಲಿ ಕೇಳುವುದಕ್ಕೆ ಮೊದಲು, ದೇವನಹಳ್ಳಿಯಿಂದ ಈಗಾಗಲೇ ಹಾರುತ್ತಿರುವ ದೂರದೇಶದ ವಿಮಾನಗಳ ಹೊಟ್ಟೆಯಲ್ಲಿ ಸಣ್ಣ ಬೆಳೆಗಾರನ ಮಾಲಿಗೆ ವರ್ಷವಿಡೀ ಗೊತ್ತಾದ ಜಾಗ ಸಿಗುವಂತೆ ಮಾಡಿಕೊಳ್ಳಬೇಕು. ಆ ಹಾದಿಗಳು ಉಳಿಯುವುದಕ್ಕೂ ಅದು ಒಂದು ಆಧಾರವಾಗುತ್ತದೆ ಎಂಬುದು ನಮ್ಮ ವಾದ.

ನಾವು ಮುಳಬಾಗಿಲು ಕಡೆಯವರು. ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಘಟ್ಟದ ಮೇಲೆ ಕಾಫಿ, ಘಟ್ಟದ ಕೆಳಗೆ ಅಡಿಕೆ ಬೆಳೆಯುವವರು. ಕಾಫಿ ಬೀಜ ಹಡಗಿನಲ್ಲಿ ಹೋಗುತ್ತದೆ. ಗೋಣಿಯಲ್ಲಿ ಕೆಲವು ತಿಂಗಳು ಕುಳಿತರೂ ಕೊಳೆಯದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿನ ಹಡಗುಗಳು ಆಫ್ರಿಕ ಖಂಡವನ್ನೇ ಸುತ್ತಿ ಹೋಗಬೇಕಾಗಿ ಬಂದಾಗ ಬಾಡಿಗೆ ಏರಿತು, ಸರಕು ತಡವಾಯಿತು. ಆದರೂ ಬೀಜ ಬೀಜವಾಗಿಯೇ ತಲುಪಿತು. ಅಡಿಕೆಯಂತೂ ಲಾರಿಯಲ್ಲಿ ಉತ್ತರ ಭಾರತಕ್ಕೆ ಹೋಗುವ ಮಾಲು. ಹೀಗಿರುವಾಗ ವಿಮಾನದ ಚರ್ಚೆ ನಮಗೇಕೆ ಎಂದು ಕೇಳಿದರೆ ತಪ್ಪಲ್ಲ. ಆದರೆ ಇಂದು ಕಾಫಿ ತೋಟದ ನಡುವೆ ಬೆಣ್ಣೆಹಣ್ಣು ಇದೆ, ಅಡಿಕೆ ತೋಟದ ಬದಿಯಲ್ಲಿ ರಂಬುಟಾನ್, ಮ್ಯಾಂಗೊಸ್ಟೀನ್ ಇವೆ, ನೆರಳುಬಲೆಯ ಕೆಳಗೆ ಆಂಥೂರಿಯಂ ಹೂವಿದೆ. ಇವೆಲ್ಲ ಕಿತ್ತ ಗಳಿಗೆಯಿಂದಲೇ ಆಯುಸ್ಸು ಎಣಿಸುವ ಮಾಲು. ಇತ್ತ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿದ ಮೇಲೆ ನಮ್ಮ ಬಯಲುಸೀಮೆಯಲ್ಲೂ ಅಲ್ಲಲ್ಲಿ ಅಡಿಕೆ ಸಸಿ ತಲೆಯೆತ್ತುತ್ತಿದೆ. ನೀವು ಹಣ್ಣಿನ ಕಡೆಗೆ ಬರುತ್ತಿದ್ದೀರಿ, ನಾವು ಅಡಿಕೆಯ ಕಡೆಗೆ ಬರುತ್ತಿದ್ದೇವೆ. ಅಡಿಕೆಯ ವಿಚಾರ ಇನ್ನೊಮ್ಮೆ ಜಗಳವಾಡೋಣ. ಹಣ್ಣಿನ ವಿಚಾರದಲ್ಲಿ ನಾವು ಕಂಡದ್ದನ್ನು ಹೇಳುವುದಕ್ಕೆ ಅಡ್ಡಿಯಿಲ್ಲ.

ಮುಳಬಾಗಿಲು ಎಂದರೆ ಮೂಡಣ ಬಾಗಿಲು. ನಂಗಲಿ ದಾಟಿದರೆ ಆಂಧ್ರ. ಈ ಬಾಗಿಲೊಂದನ್ನೇ ನಂಬಿಕೊಂಡರೆ ಏನಾಗುತ್ತದೆಂಬುದನ್ನು 2025ರ ಜೂನ್ ತಿಂಗಳಿನಲ್ಲಿ ಮುಳಬಾಗಿಲು, ಶ್ರೀನಿವಾಸಪುರದ ಮಾವಿನ ಬೆಳೆಗಾರರು ಅನುಭವಿಸಿದರು. ನಮ್ಮ ತೋತಾಪುರಿ ಹಣ್ಣಿಗೆ ಚಿತ್ತೂರು ಕಡೆಯ ರಸದ ಕಾರ್ಖಾನೆಗಳೇ ದೊಡ್ಡ ಗಿರಾಕಿ. ಅಲ್ಲಿನ ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಕೂಡದೆಂದು ಆಜ್ಞೆ ಹೊರಡಿಸಿತು. ಹಣ್ಣು ಮರದಲ್ಲಿ, ಬೆಲೆ ಕೆ.ಜಿ.ಗೆ ಐದಾರು ರೂಪಾಯಿ. ಶ್ರೀನಿವಾಸಪುರದಲ್ಲಿ ಬಂದ್ ಆಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, ಎರಡೂವರೆ ಲಕ್ಷ ಟನ್ನಿನ ಮಟ್ಟಿಗೆ ಬೆಲೆಯ ಕೊರತೆ ತುಂಬಿಕೊಡಲು ಒಪ್ಪಿತು. ಒಂದೇ ಬಾಗಿಲಿನ ಮನೆಯಲ್ಲಿ ವಾಸಿಸುವುದು ಎಷ್ಟು ಕಷ್ಟ ಎಂಬುದು ಆ ಬೇಸಗೆಯಲ್ಲಿ ಎಲ್ಲರಿಗೂ ತಿಳಿಯಿತು.

ತೋತಾಪುರಿ ವಿಮಾನದ ಹಣ್ಣಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಮಾನದಲ್ಲಿ ಹೋಗುವುದು ಬಾದಾಮಿ, ಬೇನಿಷಾ, ಮಲ್ಲಿಕಾ ಮುಂತಾದ ತಿನ್ನುವ ಹಣ್ಣು. ಮತ್ತೆ ಹಸಿ ತರಕಾರಿ, ಸೊಪ್ಪು, ಹೂವು. ಆದ್ದರಿಂದ ವಿಮಾನ ಬಂದರೆ ಮಾವಿನವರ ಕಷ್ಟವೆಲ್ಲ ತೀರಿತೆಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಕಾಗಿಲ್ಲ. ಆದರೆ ಮನೆಗೆ ಎರಡನೆಯ ಬಾಗಿಲು ಎಷ್ಟೇ ಕಿರಿದಾಗಿದ್ದರೂ ಅದು ಬಾಗಿಲೇ.

ಆ ಎರಡನೆಯ ಬಾಗಿಲು ನಮಗೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ದೇವನಹಳ್ಳಿಯಲ್ಲಿದೆ. ಕೋಲಾರ ಜಿಲ್ಲೆಗೇ ಒಂದು ನಿಲ್ದಾಣವೇಕಿಲ್ಲ ಎಂದು ಕೇಳುವವರಿಗೆ ಒಂದು ಮಾತು. 2008ರಲ್ಲಿ ತೆರೆದ ಬೆಂಗಳೂರಿನ ಹೊಸ ನಿಲ್ದಾಣದ ಕರಾರಿನಂತೆ, ಅದರ ಸುತ್ತ 150 ಕಿಲೋಮೀಟರಿನೊಳಗೆ ಮೈಸೂರು, ಹಾಸನಗಳನ್ನು ಬಿಟ್ಟು ಬೇರೆ ನಿಲ್ದಾಣಕ್ಕೆ 25 ವರ್ಷ ಅವಕಾಶವಿಲ್ಲ. ಲೆಕ್ಕ ಹಾಕಿದರೆ 2033ಕ್ಕೆ ಬರುತ್ತದೆ. ಇದು ನ್ಯಾಯವೇ ಅನ್ಯಾಯವೇ ಎಂಬ ವಾದ ಬೇರೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ ನಾವು ಅಲೆಯಬಾರದು ಎಂಬುದಷ್ಟೇ ನಮ್ಮ ಮಾತು.

ಇನ್ನು ದೂರದ ಹಾದಿಯೊಂದು ಊರಿಗೆ ಹೇಗೆ ಬರುತ್ತದೆ, ಬಂದದ್ದು ಹೇಗೆ ಉಳಿಯುತ್ತದೆ ಎಂಬುದನ್ನು ಬೆಂಗಳೂರಿನ ಕಥೆಯಿಂದಲೇ ನೋಡಬಹುದು. ಮದುವೆ ಮಾಡುವುದು ಸುಲಭ, ಸಂಸಾರ ನಡೆಸುವುದು ಕಷ್ಟ ಎನ್ನುವುದು ಇಲ್ಲಿಗೂ ಸಲ್ಲುತ್ತದೆ.

ಹಳೆಯ ಎಚ್.ಎ.ಎಲ್. ನಿಲ್ದಾಣವಿದ್ದ ಕಾಲದಲ್ಲೇ, 2001ರಲ್ಲಿ ಜರ್ಮನಿಯ ಲುಫ್ತಾನ್ಸ ಕಂಪನಿ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಹಾರತೊಡಗಿತು. 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್ನಿನಿಂದ ಬಂತು. ಆಗ ನಿಲ್ದಾಣ ಇಕ್ಕಟ್ಟು, ಸೌಕರ್ಯ ಕಡಿಮೆ. ಆದರೂ ಬಂದರು. ಕಾರಣ ಕಟ್ಟಡವಲ್ಲ, ಮುಂದಿನ ಸಾಲಿನ ದುಬಾರಿ ಆಸನಗಳನ್ನು ವರ್ಷವಿಡೀ ತುಂಬುವ ಕಂಪ್ಯೂಟರ್ ಕಂಪನಿಗಳ ಜನ ಇಲ್ಲಿದ್ದರು. ಮಕ್ಕಳನ್ನು ನೋಡಲು ಉಪ್ಪಿನಕಾಯಿ, ಹುಳಿಪುಡಿ ಕಟ್ಟಿಕೊಂಡು ಹೋಗುವ ನಮ್ಮಂಥ ತಂದೆತಾಯಿಗಳು ಹಿಂದಿನ ಸಾಲಿನವರು. ನಮ್ಮಿಂದ ವಿಮಾನ ತುಂಬುತ್ತದೆ, ಆದರೆ ಗಲ್ಲಾ ತುಂಬುವುದು ಮುಂದಿನವರಿಂದ.

2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ಶುರುವಾಯಿತು. ಅದೇ ವರ್ಷದ ಸೆಪ್ಟೆಂಬರ್ 3ರಂದು ಕಿಂಗ್‌ಫಿಷರ್ ಕಂಪನಿ ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ ಹಾರಿಸಿತು; ಅದು ಆ ಕಂಪನಿಯ ಮೊದಲ ವಿದೇಶದ ಹಾದಿ. ಸ್ಯಾನ್‌ಫ್ರಾನ್ಸಿಸ್ಕೊಗೂ ನೇರ ಹಾರುತ್ತೇವೆ ಎಂದಿತ್ತು. ಆ ವಿಮಾನ ಹಾರಲೇ ಇಲ್ಲ, ಲಂಡನ್ ಹಾದಿಯೂ ಉಳಿಯಲಿಲ್ಲ, 2012ರ ಅಕ್ಟೋಬರಿನಲ್ಲಿ ಕಂಪನಿಯೇ ನಿಂತುಹೋಯಿತು. 2017ರ ಅಕ್ಟೋಬರಿನಲ್ಲಿ ಜೆಟ್ ಏರ್‌ವೇಸ್ ಆಮ್ಸ್ಟರ್‌ಡ್ಯಾಮಿಗೆ ಹಾದಿ ತೆರೆಯಿತು. 2019ರ ಏಪ್ರಿಲ್ 17ರಂದು ಆ ಕಂಪನಿಯೂ ಮುಚ್ಚಿತು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅದೇ ವರ್ಷದ ಅಕ್ಟೋಬರ್ ಕೊನೆಗೆ ಡಚ್ಚರ ಕೆ.ಎಲ್.ಎಂ. ಕಂಪನಿ ಆಮ್ಸ್ಟರ್‌ಡ್ಯಾಮಿನಿಂದ ತಾನೇ ಬೆಂಗಳೂರಿಗೆ ಬಂತು. ನಡೆಸುವವನು ಹೋದರೂ ಹಾದಿ ಸಾಯಲಿಲ್ಲ, ಏಕೆಂದರೆ ಆ ಹಾದಿಯಲ್ಲಿ ಜನರೂ ಇದ್ದರು, ಮಾಲೂ ಇತ್ತು.

ಅಮೆರಿಕದ ಹಾದಿಯ ಕಥೆ ಇದಕ್ಕೆ ವ್ಯತಿರಿಕ್ತ. 2020ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದಲೂ, ಯುನೈಟೆಡ್ ಕಂಪನಿ ಸ್ಯಾನ್‌ಫ್ರಾನ್ಸಿಸ್ಕೊದಿಂದಲೂ ಬೆಂಗಳೂರಿಗೆ ಬರುವುದಾಗಿ ಸಾರಿದವು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ಸುದ್ದಿಯಾಯಿತು. ಕೊರೋನಾ ಬಂತು, ಬಳಿಕ 2022ರಲ್ಲಿ ಉಕ್ರೇನ್ ಯುದ್ಧ ಬಂದು ರಷ್ಯದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿತು. ಮುಂದೂಡಿ ಮುಂದೂಡಿ ಕೊನೆಗೆ ಎರಡೂ ಹಾರಲಿಲ್ಲ. ಏರ್ ಇಂಡಿಯಾ ಮಾತ್ರ 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ಹಾರಿತು. ವಿಮಾನ ನಡೆಸಿದವರೆಲ್ಲ ಹೆಂಗಸರು. ಉತ್ತರ ಧ್ರುವದ ಮೇಲಿಂದ ಸುಮಾರು 16,000 ಕಿಲೋಮೀಟರ್ ಹಾರಿ ಬಂದರು. ಹೆಮ್ಮೆಯ ವಿಷಯವೇ ಸರಿ. ಆದರೆ ಆ ಹಾದಿ ನಡುವೆ ನಿಂತು, 2022ರ ಡಿಸೆಂಬರಿನಲ್ಲಿ ಮತ್ತೆ ಶುರುವಾಗಬೇಕಾಯಿತು.

ಬೆಳೆಗಾರನ ಕಣ್ಣಿನಿಂದ ನೋಡಿದರೆ ಈ ಅತಿ ದೂರದ ಹಾದಿಗಳಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ವಿಮಾನ ಹದಿನಾರು ಹದಿನೇಳು ಗಂಟೆ ಎಲ್ಲಿಯೂ ಇಳಿಯದೆ ಹಾರಬೇಕಾದರೆ ಅದು ಹೊರುವ ಭಾರದಲ್ಲಿ ದೊಡ್ಡ ಪಾಲು ಎಣ್ಣೆಯೇ. ಎಣ್ಣೆ ಹೆಚ್ಚಿದಷ್ಟೂ ಮಾಲಿನ ಪಾಲು ಇಳಿಯುತ್ತದೆ. ಎದುರುಗಾಳಿ ಜೋರಾದ ದಿನ ಮೊದಲು ಕೆಳಗಿಳಿಸುವುದು ನಮ್ಮ ಪೆಟ್ಟಿಗೆಯನ್ನೇ, ಪ್ರಯಾಣಿಕನನ್ನಲ್ಲ. ಎಂಟು ಹತ್ತು ಗಂಟೆ ಹಾರುವ ಫ್ರಾಂಕ್‌ಫರ್ಟ್, ಆಮ್ಸ್ಟರ್‌ಡ್ಯಾಮ್, ಲಂಡನ್ ವಿಮಾನ, ಅಥವಾ ನಾಲ್ಕು ಗಂಟೆಯ ದುಬೈ ವಿಮಾನ ಇದಕ್ಕಿಂತ ಹೆಚ್ಚು ಮಾಲು ಒಯ್ಯಬಲ್ಲದು. ಎರಡು ಓಣಿಯ ದೊಡ್ಡ ವಿಮಾನವೊಂದು ಪ್ರಯಾಣಿಕರ ಪೆಟ್ಟಿಗೆಗಳ ಜೊತೆಗೆ ಹದಿನೈದು ಇಪ್ಪತ್ತು ಟನ್ ಸರಕು ಹೊರುವುದುಂಟು. ವಿಮಾನದ ಗಾತ್ರ ನೋಡಿಯೂ ಮೋಸ ಹೋಗಬಾರದು. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್ ಕಂಪನಿ ಎರಡು ಅಂತಸ್ತಿನ ಎ380 ವಿಮಾನವನ್ನು ಬೆಂಗಳೂರಿಗೆ ತಂದಾಗ ಜನ ಜಾತ್ರೆಯಂತೆ ನೋಡಿದರು. ಆದರೆ ಎರಡು ಅಂತಸ್ತಿನ ಪ್ರಯಾಣಿಕರ ಪೆಟ್ಟಿಗೆಗಳೇ ಅದರ ಹೊಟ್ಟೆ ತುಂಬುತ್ತವೆ. ಮಾಲಿಗೆ ಅದಕ್ಕಿಂತ ಚಿಕ್ಕದಾದ ಬೋಯಿಂಗ್ 777 ಹೆಚ್ಚು ಅನುಕೂಲ. ಆದ್ದರಿಂದ ಅಮೆರಿಕದ ಹಾದಿ ಬಂತೆಂದು ಬೆಳೆಗಾರರು ಪಟಾಕಿ ಹಚ್ಚುವುದಕ್ಕಿಂತ, ಯುರೋಪು ಮತ್ತು ಕೊಲ್ಲಿಯ ಹಾದಿಗಳು ವಾರಕ್ಕೆ ಎಷ್ಟು ಸಲ ಹಾರುತ್ತವೆ ಎಂಬುದನ್ನು ವಿಚಾರಿಸುವುದು ಲಾಭದ ಕೆಲಸ.

ಪ್ರಯಾಣಿಕರ ವಿಮಾನದ ಹೊಟ್ಟೆ ನಮಗೆಷ್ಟು ಮುಖ್ಯವೆಂಬುದು 2020ರ ಮಾರ್ಚ್ 23ರಿಂದ ವಿದೇಶದ ವಿಮಾನಗಳನ್ನು ನಿಲ್ಲಿಸಿದಾಗ ಗೊತ್ತಾಯಿತು. ಜಗತ್ತಿನ ವಿಮಾನ ಸರಕಿನಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಪ್ರಯಾಣಿಕರ ಕಾಲ ಕೆಳಗೇ ಹೋಗುತ್ತಿತ್ತು. ಪ್ರಯಾಣಿಕರು ನಿಂತರು, ಸರಕಿನ ಜಾಗವೂ ಹೋಯಿತು, ಬಾಡಿಗೆ ಎರಡು ಮೂರು ಪಟ್ಟು ಏರಿತು. ಆಗ ಬಾಡಿಗೆ ಕೊಡಬಲ್ಲದ್ದು ಔಷಧಿ; ಹೂವು ಕೊಡಲಾರದೆ ಹೋಯಿತು. ನಿಗದಿತ ವಿದೇಶ ವಿಮಾನಗಳು ಪೂರ್ತಿಯಾಗಿ ಮರಳಿದ್ದು 2022ರ ಮಾರ್ಚ್ 27ಕ್ಕೆ. ಆ ಕಷ್ಟದ ಕಾಲದಲ್ಲಿಯೂ ಬೇಗ ಕೆಡುವ ಮಾಲಿನ ರಫ್ತಿನಲ್ಲಿ ಬೆಂಗಳೂರು ನಿಲ್ದಾಣ ದೇಶದ ಮುಂಚೂಣಿಗೆ ಬಂದದ್ದು ಸಣ್ಣ ಮಾತಲ್ಲ. ಅದಕ್ಕೆ ಅಲ್ಲಿ ಮೊದಲೇ ಕಟ್ಟಿದ್ದ ಶೀತಗೃಹಗಳು ಕಾರಣ. ಮಾಲು ಇಳಿಸುವಲ್ಲಿಂದ ವಿಮಾನದ ಬಾಗಿಲಿನವರೆಗೆ ತಂಪು ಕಾಯುವ ವ್ಯವಸ್ಥೆ ಅಲ್ಲಿದೆ. ಆದರೆ ಆ ತಂಪು ನಿಲ್ದಾಣದ ಗೇಟಿನಿಂದ ಶುರುವಾಗುತ್ತದೆ. ಮುಳಬಾಗಿಲಿನಿಂದ ಗೇಟಿನವರೆಗೆ ತಾಡಪಾಲೇ ಗತಿ.

ಮಾಲೂರಿನ ವಿಚಾರವನ್ನು ಇಲ್ಲಿ ಹೇಳಲೇಬೇಕು. ಅಮೆರಿಕ ದೇಶ 2007ರಲ್ಲಿ ಭಾರತದ ಮಾವಿಗೆ ಬಾಗಿಲು ತೆರೆದಾಗ, ಹಣ್ಣಿನೊಳಗಿನ ಹುಳುವಿನ ಭಯ ನೀಗಲು ವಿಕಿರಣ ಹಾಯಿಸಿಯೇ ಕಳಿಸಬೇಕೆಂದು ಷರತ್ತು ಹಾಕಿತು. ಮೊದಲು ಅದಕ್ಕೆ ಮಹಾರಾಷ್ಟ್ರದ ಲಾಸಲ್‌ಗಾವ್‌ಗೇ ಹೋಗಬೇಕಾಗಿತ್ತು. ಮುಂದೆ ನಮ್ಮ ಜಿಲ್ಲೆಯ ಮಾಲೂರಿನ ಇನ್ನೋವಾ ಕೃಷಿ ಪಾರ್ಕಿನಲ್ಲೇ ಅಂಥ ಘಟಕವಾಗಿ ಅಮೆರಿಕದವರ ಒಪ್ಪಿಗೆಯೂ ದೊರೆಯಿತು. ದೇಶದಲ್ಲಿ ಬೆರಳೆಣಿಕೆಯಷ್ಟು ಊರುಗಳಿಗೆ ಮಾತ್ರ ಇರುವ ಸೌಲಭ್ಯ ನಮ್ಮ ಜಿಲ್ಲೆಯಲ್ಲೇ ಇದೆ. ಶ್ರೀನಿವಾಸಪುರದಲ್ಲಿ ಹಣ್ಣು, ಮಾಲೂರಿನಲ್ಲಿ ಸಂಸ್ಕರಣೆ, ದೇವನಹಳ್ಳಿಯಲ್ಲಿ ವಿಮಾನ. ಮೂರೂ ಒಂದು ದಿನದ ಲಾರಿ ದಾರಿಯೊಳಗೆ. ಇಂಥ ಹೊಂದಿಕೆ ಇನ್ನಾವ ಜಿಲ್ಲೆಗಿದೆ? ಆದರೂ ನಮ್ಮಲ್ಲಿ ಎಷ್ಟು ಮಂದಿ ಸಣ್ಣ ಬೆಳೆಗಾರರ ಹಣ್ಣು ಈ ದಾರಿಯಲ್ಲಿ ಹೋಗಿದೆ ಎಂದು ಕೇಳಿದರೆ ಬರುವ ಉತ್ತರ ನಿರಾಶೆಯದು. ಮಂಡಿಯಲ್ಲಿ ಹರಾಜಾದ ಹಣ್ಣು ಯಾರ ತೋಟದ್ದೆಂಬುದೇ ಹೊರದೇಶದ ಕಾಗದಕ್ಕೆ ಸಿಗದು. ತೋಟವನ್ನೇ ಮೊದಲು ನೋಂದಾಯಿಸಬೇಕು, ಔಷಧಿ ಹೊಡೆದ ಲೆಕ್ಕ ಇಡಬೇಕು. ಎರಡೆಕರೆಯವನು ಒಬ್ಬನೇ ಈ ಕೆಲಸ ಮಾಡಲಾರ. ಸಂಘ ಮಾಡಬಲ್ಲದು.

ಇದು ಎಷ್ಟು ನಾಜೂಕಿನ ವ್ಯಾಪಾರವೆಂಬುದಕ್ಕೆ ಎರಡು ನಿದರ್ಶನ ಸಾಕು. ಭಾರತದಿಂದ ಬಂದ 207 ರವಾನೆಗಳಲ್ಲಿ ಹಣ್ಣುನೊಣ ಮುಂತಾದ ಕೀಟ ಕಂಡಿತೆಂದು ಯುರೋಪಿನವರು 2014ರ ಮೇ 1ರಿಂದ ನಮ್ಮ ಮಾವು, ಬದನೆ, ಹಾಗಲ, ಪಡವಲ, ಕೆಸುವಿನ ಮೇಲೆ ನಿಷೇಧ ಹಾಕಿದರು. ಮಾವಿನ ಮೇಲಿನದು 2015ರ ಆರಂಭಕ್ಕೆ ತೆರವಾಯಿತು. ತರಕಾರಿಯವರು ಇನ್ನೂ ಕಾಯಬೇಕಾಯಿತು. 2025ರ ಮೇ ತಿಂಗಳಿನಲ್ಲಿ ಮುಂಬಯಿ ಕಡೆಯಿಂದ ಅಮೆರಿಕಕ್ಕೆ ಹೋದ 15 ರವಾನೆ ಮಾವನ್ನು ಅಲ್ಲಿನವರು ಒಳಗೆ ಬಿಡಲಿಲ್ಲ. ವಾಪಸು ತರುವ ಬಾಡಿಗೆ ಹಣ್ಣಿನ ಬೆಲೆಗಿಂತ ಹೆಚ್ಚು, ಆದ್ದರಿಂದ ಅಲ್ಲಿಯೇ ನಾಶಮಾಡಬೇಕಾಯಿತು. ಹಣ್ಣು ಕೆಟ್ಟಿರಲಿಲ್ಲ, ವಿಕಿರಣ ಹಾಯಿಸಿದ್ದಕ್ಕೆ ಕೊಡುವ ಕಾಗದ ಸರಿಯಿರಲಿಲ್ಲ.

ಇನ್ನೊಂದು ಕಟು ಮಾತು. ವಿಮಾನ ಹನ್ನೆರಡು ತಿಂಗಳು ಹಾರುತ್ತದೆ. ನಮ್ಮ ಮಾವು ಮೇ ತಿಂಗಳಿನಿಂದ ಜುಲೈವರೆಗೆ. ಮೂರು ತಿಂಗಳು ಬಂದು ಜಾಗ ಕೊಡಿ ಎಂದು ಗಲಾಟೆ ಮಾಡಿ ಒಂಬತ್ತು ತಿಂಗಳು ಮುಖ ತೋರಿಸದ ಗಿರಾಕಿಯನ್ನು ಯಾವ ಅಂಗಡಿಯವನು ಗೌರವಿಸುತ್ತಾನೆ? ಸರಕಿನ ಏಜೆಂಟರು ವರ್ಷದ ಜಾಗವನ್ನು ಮೊದಲೇ ಕೊಂಡಿಟ್ಟುಕೊಳ್ಳುತ್ತಾರೆ. ಮಾವಿನ ಕಾಲಕ್ಕೆ ಅದೇ ಜಾಗವನ್ನು ಹೆಚ್ಚಿನ ದರಕ್ಕೆ ನಮಗೆ ಮಾರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅದು ಅವರ ವ್ಯಾಪಾರ. ಬೆಂಗಳೂರು ಸುತ್ತಿನ ಗುಲಾಬಿಯವರೂ ಫೆಬ್ರವರಿ 14ರ ಮುಂಚಿನ ಎರಡು ವಾರ ಇದೇ ಪಾಡು ಪಡುತ್ತಾರೆ. ಆದರೆ ಮಾವು, ಬೆಣ್ಣೆಹಣ್ಣು, ರಂಬುಟಾನ್, ಬೀನ್ಸ್, ದೊಣ್ಣೆಮೆಣಸಿನಕಾಯಿ, ಗುಲಾಬಿ, ಆಂಥೂರಿಯಂ ಇವುಗಳ ಕಾಲಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ವರ್ಷದಲ್ಲಿ ಖಾಲಿ ತಿಂಗಳು ಉಳಿಯುವುದು ಕಡಿಮೆ. ಮುಳಬಾಗಿಲಿನವನು ಬಿಟ್ಟ ಜಾಗವನ್ನು ಮೂಡಿಗೆರೆಯವನು ತುಂಬಬಹುದು. ವಾರಕ್ಕೆ ಎರಡು ಟನ್ನಾದರೂ ಸರಿ, ತಪ್ಪದೆ ಕೊಡುವವನ ಮಾತಿಗೆ ವಿಮಾನ ಕಂಪನಿಯಲ್ಲಿ ಬೆಲೆಯಿದೆ. ಕಂಪನಿಗೂ ಇದು ಬೇಕಾದದ್ದೇ. ಆಸನಗಳು ಖಾಲಿಯಿರುವ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಬಾಡಿಗೆಯೂ ಹಾದಿಯ ಖರ್ಚಿಗೆ ಆಸರೆ. ಹಾದಿಯನ್ನು ಉಳಿಸಿ ಎಂದು ಮನವಿ ಕೊಡುವವರಿಗಿಂತ ಹಾದಿಗೆ ಬಾಡಿಗೆ ಕೊಡುವವರ ಮಾತು ಬೇಗ ನಡೆಯುತ್ತದೆ.

ಮಲೆನಾಡಿನ ಮಿತ್ರರು ಕೇಳಬಹುದು: ದೇವನಹಳ್ಳಿಯೇ ಏಕೆ, ನಮ್ಮ ಶಿವಮೊಗ್ಗವಿದೆಯಲ್ಲ? ಶಿವಮೊಗ್ಗದ ಕುವೆಂಪು ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಓಡುದಾರಿ 3,200 ಮೀಟರ್, ದೊಡ್ಡ ವಿಮಾನಕ್ಕೂ ಸಾಲುತ್ತದೆ. ಆದರೆ ಅದೇ ಆಗಸ್ಟ್ 31ರಂದು ಮೊದಲು ಬಂದಿಳಿದದ್ದು ಬೆಂಗಳೂರಿನ ಸಣ್ಣ ರೆಕ್ಕೆಗಾಲಿಯ ವಿಮಾನ. ಓಡುದಾರಿ ಉದ್ದವಿದ್ದ ಮಾತ್ರಕ್ಕೆ ಲಂಡನ್ ಹತ್ತಿರವಾಗುವುದಿಲ್ಲ. ಕೊಡಗಿನವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಸಿಗುತ್ತದೆ. 2018ರ ಡಿಸೆಂಬರ್ 9ರಂದು ತೆರೆದ ಆ ನಿಲ್ದಾಣದ ಓಡುದಾರಿಯೂ 3,050 ಮೀಟರ್. ಕೊಲ್ಲಿಗೆ ಹೋಗುವ ಜನರೂ ಅಲ್ಲಿ ಧಾರಾಳ. ಆದರೆ ವಿದೇಶಿ ಕಂಪನಿಗಳು ಯಾವ ಯಾವ ಊರಿಗೆ ಬರಬಹುದೆಂಬುದು ಎರಡು ಸರ್ಕಾರಗಳ ನಡುವಿನ ಒಪ್ಪಂದದಲ್ಲಿ ಗೊತ್ತಾಗುವ ವಿಷಯ. ಕಣ್ಣೂರಿನವರು ಆ ಪಟ್ಟಿಯಲ್ಲಿ ಹೆಸರು ಸೇರಿಸಿರೆಂದು ವರ್ಷಗಟ್ಟಲೆ ದೆಹಲಿಗೆ ಅಲೆದರು. ಭಾರತದ ಕಂಪನಿಗಳನ್ನೇ ನೆಚ್ಚಿಕೊಂಡಿರಬೇಕಾಯಿತು. 2023ರ ಮೇ ತಿಂಗಳಿನಲ್ಲಿ ಗೋ ಫಸ್ಟ್ ಕಂಪನಿ ನಿಂತಾಗ ನಿಲ್ದಾಣದ ಸಂಪಾದನೆಗೇ ದೊಡ್ಡ ಪೆಟ್ಟು ಬಿತ್ತು. ಮಂಗಳೂರಿನದು ಗುಡ್ಡದ ತಲೆಯ ಮೇಲಿನ ನಿಲ್ದಾಣ, ಓಡುದಾರಿ 2,450 ಮೀಟರ್. 2006ರಿಂದ ಕೊಲ್ಲಿಯ ಹಾದಿ ನಡೆದುಬಂದಿದೆ, ಅದಕ್ಕೆ ದುಡಿಯಲು ಹೋಗಿಬರುವ ಕರಾವಳಿಯ ಜನರೇ ಆಧಾರ. ಚಿಕ್ಕ ವಿಮಾನ, ಚಿಕ್ಕ ಹೊಟ್ಟೆ. ಆದರೂ ಕರಾವಳಿಯ ಹಣ್ಣು ಹೂವಿನವರು ಆ ಹೊಟ್ಟೆಯ ಎರಡು ಮೂರು ಟನ್ನಿನ ಮೇಲೆ ಕಣ್ಣಿಡುವುದು ಒಳ್ಳೆಯದೆಂದು ನಮ್ಮ ಸಲಹೆ.

ಸರ್ಕಾರದ ಸಹಾಯಧನದಿಂದ ಹಾದಿ ಉಳಿಸಬಹುದಲ್ಲ ಎಂಬ ಮಾತೂ ಇದೆ. 2016ರಲ್ಲಿ ಬಂದ ಉಡಾನ್ ಯೋಜನೆಯ ಲೆಕ್ಕವನ್ನು ಮಹಾಲೇಖಪಾಲರು 2023ರ ವರದಿಯಲ್ಲಿ ಬಿಚ್ಚಿಟ್ಟಿದ್ದಾರೆ. ಮಂಜೂರಾದ 774 ಹಾದಿಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಸಹಾಯಧನದ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚಿನಲ್ಲಿ ಹಾರುತ್ತಿದ್ದದ್ದು 54 ಮಾತ್ರ. ನಮ್ಮ ಬೀದರಿನಲ್ಲಿ 2020ರಲ್ಲಿ ಶುರುವಾದ ವಿಮಾನ ನಿಂತು, 2025ರಲ್ಲಿ ಮತ್ತೆ ಬಂತು. ನಾಟಿ ಮಾಡಿದ ಮೇಲೆ ನೀರು ಕಾಣದ ಅಡಿಕೆ ಸಸಿಯ ಪಾಡನ್ನು ಈ ಪತ್ರಿಕೆಯ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಸಹಾಯಧನ ಬೇಡವೆನ್ನುವುದಿಲ್ಲ. ಅದನ್ನು ವಿಮಾನದ ಖಾಲಿ ಆಸನಕ್ಕೆ ಕೊಡುವ ಬದಲು ಒಂದು ಪಾಲನ್ನು ತೋಟದ ಬಳಿಯ ತಂಪು ಕೋಣೆಗೆ ಕೊಟ್ಟರೆ ಎರಡೂ ಕಡೆಗೆ ಉಪಕಾರವಾದೀತು ಎನ್ನುತ್ತೇವೆ.

ಸ್ಪರ್ಧೆ ಎಲ್ಲಿಂದ ಬರುತ್ತದೆಂಬುದನ್ನೂ ತಿಳಿದಿರಬೇಕು. ಮುಳಬಾಗಿಲಿನ ವಡ್ಡಹಳ್ಳಿ ಮಂಡಿಯಿಂದ ಟೊಮೆಟೊ ತುಂಬಿದ ಲಾರಿ ಬೆಂಗಳೂರಿನ ಕಡೆ ಹೊರಟರೆ ದಾರಿಯಲ್ಲಿ ನರಸಾಪುರ ಸಿಗುತ್ತದೆ. ಅಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ, 2023ರಿಂದ ಟಾಟಾದವರದು. ಫೋನು ಒಂದು ಕೆ.ಜಿ.ಗೆ ಲಕ್ಷಗಟ್ಟಲೆ ಬಾಳುವ ಮಾಲು, ಬಾಡಿಗೆ ಎಷ್ಟೆಂದರೂ ಕೊಡುತ್ತದೆ. ನಮ್ಮ ಮಾವು ಹಾಗಲ್ಲ. ಅಮೆರಿಕಕ್ಕೆ ಹೋಗುವ ಹಣ್ಣಿನಲ್ಲಿ ಬಾಡಿಗೆಯೇ ಹಣ್ಣಿನ ಬೆಲೆಯನ್ನು ಮೀರುವುದುಂಟು. 2022ರಲ್ಲಿ ಮಹಾರಾಷ್ಟ್ರದವರು ಹಡಗಿನಲ್ಲೇ ಅಮೆರಿಕಕ್ಕೆ ಮಾವು ಕಳಿಸಿ ನೋಡಿದ್ದು ಇದೇ ಕಾರಣಕ್ಕೆ. ನಮ್ಮ ಸೀಮೆಯ ಗುಲಾಬಿ ಈರುಳ್ಳಿಯಂತೂ ಹಿಂದಿನಿಂದಲೂ ಚೆನ್ನೈ ಬಂದರಿನಿಂದ ಹಡಗಿನಲ್ಲಿ ಮಲೇಶಿಯ, ಸಿಂಗಪುರಕ್ಕೆ ಹೋಗುತ್ತಿದೆ. ಹಡಗು ಸಾಕಾದ ಮಾಲಿಗೆ ಹಡಗು. ವಿಮಾನವಿಲ್ಲದೆ ಆಗದ ಮಾಲಿಗೆ ಮಾತ್ರ ವಿಮಾನ.

ಹಾಗಾದರೆ ಕೇಳಬೇಕಾದ್ದು ಏನು? ಮೊದಲನೆಯದು ನಮ್ಮ ಸಂಘವನ್ನೇ. ನಾಲ್ಕಾರು ಸಂಘಗಳು ಸೇರಿ, ಯುರೋಪಿಗೋ ಕೊಲ್ಲಿಗೋ ಹೋಗುವ ಒಂದು ಹಾದಿಯಲ್ಲಿ ವರ್ಷವಿಡೀ ವಾರಕ್ಕಿಷ್ಟೆಂದು ಜಾಗ ಗೊತ್ತುಮಾಡಿಕೊಳ್ಳಬೇಕು. ನಷ್ಟದ ತಿಂಗಳನ್ನು ಲಾಭದ ತಿಂಗಳು ಹೊರಬೇಕು. ಪೂಲ್ ಪದ್ಧತಿಯ ಕಾಲವನ್ನು ಕಂಡ ಹಿರಿಯ ಕಾಫಿ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಅದರ ಒಳಿತು ಕೆಡುಕು ಎರಡನ್ನೂ ಅವರೇ ಚೆನ್ನಾಗಿ ಹೇಳಬಲ್ಲರು. ಪೆಟ್ಟಿಗೆಯ ಅಳತೆಯನ್ನೂ ಒಂದೇ ಮಾಡಬೇಕು. ವಿಮಾನದಲ್ಲಿ ಬಾಡಿಗೆ ತೂಕಕ್ಕೆ ಮಾತ್ರವಲ್ಲ, 6,000 ಘನ ಸೆಂಟಿಮೀಟರ್ ಜಾಗವನ್ನು ಒಂದು ಕೆ.ಜಿ. ಎಂದು ಹಿಡಿದು, ಯಾವುದು ಹೆಚ್ಚೋ ಅದಕ್ಕೆ ಬೀಳುತ್ತದೆ. ಸಡಿಲವಾಗಿ ತುಂಬಿದ ಪೆಟ್ಟಿಗೆಯಲ್ಲಿ ನಾವು ಗಾಳಿಗೂ ಬಾಡಿಗೆ ಕೊಡುತ್ತೇವೆ.

ಸರ್ಕಾರವನ್ನು ಕೇಳಬೇಕಾದ್ದು ಮುಳಬಾಗಿಲಿನಲ್ಲಿ ಒಂದು ವಿಂಗಡಣೆಯ ಶೆಡ್ಡು, ಅದರೊಳಗೆ ತಂಪು ಕೋಣೆ, ಒಂದು ತಂಪು ಲಾರಿ. ದಾರಿ ಈಗ ತಕ್ಕಮಟ್ಟಿಗೆ ಇದೆ. ಹೊಸಕೋಟೆಯಿಂದ ದೇವನಹಳ್ಳಿ ಕಡೆಯ ಹೊರವರ್ತುಲ ಹೆದ್ದಾರಿ 2024ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಬೆಂಗಳೂರು ಪೇಟೆಯೊಳಗೆ ನುಗ್ಗಬೇಕಾದ ಕಷ್ಟ ತಪ್ಪಿದೆ. ಯುರೋಪಿನ ಹಲವು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಸುಂಕದವರ ತಪಾಸಣೆ, ಸಸ್ಯರೋಗದವರ ಕಾಗದ, ತೂಕ ಎಲ್ಲ ಮುಗಿಯಬೇಕಾದರೆ ಮಾಲು ಸಂಜೆಯೊಳಗೆ ಗೇಟಿನಲ್ಲಿರಬೇಕು. ಅಂದರೆ ಮುಳಬಾಗಿಲು ಬಿಡುವುದು ಮಧ್ಯಾಹ್ನ. ಬೆಳಿಗ್ಗೆ ಕಿತ್ತ ಹಣ್ಣು ಸೊನೆ ಒಸರಿ, ತೊಳೆದು, ವಿಂಗಡವಾಗಿ ತಣ್ಣಗಾಗುವುದು ಬಿಸಿಲು ಏರುವ ಆ ನಾಲ್ಕೈದು ಗಂಟೆಯಲ್ಲಿ. ಆ ಹೊತ್ತಿಗೆ ಶೆಡ್ಡಿನಲ್ಲಿ ಮೂರು ಫೇಸ್ ವಿದ್ಯುತ್ ಇರಬೇಕು. ನಮ್ಮ ಕಡೆ ತೋಟದ ಲೈನಿಗೆ ಅದು ಎಷ್ಟೋ ದಿನ ಬರುವುದು ರಾತ್ರಿಯಲ್ಲಿ. ಮುಂದಿನ ಸಭೆಯಲ್ಲಿ ನಿರ್ಣಯವೊಂದನ್ನು ಮಂಡಿಸುವುದಾದರೆ, ಲಂಡನ್ ವಿಮಾನದ ಬಗ್ಗೆ ಬೇಡ, ಈ ಹಗಲು ವಿದ್ಯುತ್ತಿನ ಬಗ್ಗೆ ಮಂಡಿಸೋಣವೆಂದು ನಾವು ಸೂಚಿಸುತ್ತೇವೆ.